ಉಡುಪಿಗೆ ರೈಲು ತಂದದ್ದು ಯಾರ ಹಣ? ಇನ್ನು ಅದು ನಿಲ್ಲಬೇಕಾದ್ದು ಎಲ್ಲಿ?

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಲ್ಲಿಂದ ಉಡುಪಿಗೆ ಬರಲು ಅದಕ್ಕೆ 86 ವರ್ಷ ಹಿಡಿಯಿತು. ನಡುವೆ ಇರುವುದು 60 ಕಿಲೋಮೀಟರ್ ಆಸುಪಾಸಿನ ದೂರ. ಎತ್ತಿನ ಗಾಡಿಯಲ್ಲಿ ಹೊರಟರೂ ಎರಡು ದಿನದಲ್ಲಿ ಮುಟ್ಟಬಹುದಿತ್ತು.

ಈಗ ನಮ್ಮ ಜಿಲ್ಲೆಯಲ್ಲಿ ವಂದೇ ಭಾರತ್ ಓಡುತ್ತಿದೆ. ಗುಜರಾತಿನಲ್ಲಿ ಬುಲೆಟ್ ರೈಲಿನ ಕಂಬಗಳು ಎದ್ದಿವೆ. ಅದರ ವಿಡಿಯೋ ಕಾಪುವಿನಲ್ಲೂ ಕಾರ್ಕಳದಲ್ಲೂ ಎಲ್ಲರ ಫೋನಿಗೆ ಬರುತ್ತದೆ. ಕೂಡಲೇ ಒಂದು ಪ್ರಶ್ನೆಯೂ ಬರುತ್ತದೆ: ನಮ್ಮ ಕರಾವಳಿಗೆ ಇಂಥದ್ದು ಯಾವಾಗ?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಹಳೆಯ ಪ್ರಶ್ನೆಯೊಂದಕ್ಕೆ ಉತ್ತರ ತಿಳಿದಿರಬೇಕು ಎಂದು ನಮಗೆ ಅನಿಸುತ್ತದೆ. 86 ವರ್ಷ ಬಾರದ ರೈಲು 1993ರಲ್ಲಿ ಹೇಗೆ ಬಂತು? ಅದಕ್ಕೆ ಹಣ ಹಾಕಿದವರು ಯಾರು? ಆ ಹಣವನ್ನು ಇವತ್ತಿಗೂ ಯಾರು ತೀರಿಸುತ್ತಿದ್ದಾರೆ? ಅದು ಗೊತ್ತಾದರೆ, ಮುಂದೆ ಯಾರಾದರೂ ವೇಗದ ರೈಲಿನ ಆಸೆ ಹುಟ್ಟಿಸಿದಾಗ ಅವರನ್ನು ಏನು ಕೇಳಬೇಕು ಎಂಬುದೂ ಗೊತ್ತಾಗುತ್ತದೆ.

ಬೊಂಬಾಯಿ ಮನೆಮಾತು, ರೈಲು ಮಾತ್ರ ಇಲ್ಲ

ನಮ್ಮ ಊರುಗಳಲ್ಲಿ ಬೊಂಬಾಯಿಗೆ ಹೋಗದ ಕುಟುಂಬ ಹುಡುಕಿದರೂ ಸಿಗುವುದು ಕಷ್ಟ. ಹೋಟೆಲಿನಲ್ಲಿ ಲೋಟ ತೊಳೆಯಲು ಹೋದವರು ಹೋಟೆಲಿನ ಯಜಮಾನರಾದ ಕಥೆ ಪ್ರತಿ ಗ್ರಾಮದಲ್ಲೂ ಒಂದಾದರೂ ಇದೆ. ಅಲ್ಲಿಂದ ಬಂದ ಮನಿಯಾರ್ಡರಿನಲ್ಲಿ ಇಲ್ಲಿ ಮನೆ ಕಟ್ಟಿದರು, ತಂಗಿಯರ ಮದುವೆ ಮಾಡಿದರು, ದೈವಸ್ಥಾನ ಜೀರ್ಣೋದ್ಧಾರ ಮಾಡಿದರು.

ಆದರೆ ಹೋಗುವ ದಾರಿ ಸುಲಭದ್ದಾಗಿರಲಿಲ್ಲ. ಒಂದು ಕಾಲದಲ್ಲಿ ಹಡಗು. ಆಮೇಲೆ ಬಸ್ಸು. ಹೆದ್ದಾರಿಯ ಸೇತುವೆಗಳಾಗುವ ಮೊದಲು ಹೊಳೆ ಬಂದಲ್ಲೆಲ್ಲ ಇಳಿದು ಜಂಗಲ್‌ನಲ್ಲೋ ದೋಣಿಯಲ್ಲೋ ದಾಟಬೇಕಿತ್ತು. ಕರಾವಳಿಯಲ್ಲಿ ಹೊಳೆಗಳಿಗೆ ಬರ ಎಲ್ಲಿ! ಸ್ವರ್ಣಾ, ಸೀತಾ, ಗಂಗೊಳ್ಳಿಯ ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಹೀಗೆ ಒಂದರ ಹಿಂದೆ ಒಂದು.

ರೈಲಿನಲ್ಲೇ ಹೋಗುತ್ತೇನೆ ಎಂದು ಹಟ ಹಿಡಿದವರಿಗೆ ಇದ್ದ ದಾರಿ ಇನ್ನೂ ವಿಚಿತ್ರ. ಮಂಗಳೂರಿನ ಹಳಿ ತೆಂಕಕ್ಕೆ ಕೇರಳದೊಳಗೆ ಹೋಗುತ್ತದೆ. ಬಡಗಿನ ಊರಿಗೆ ಹೋಗಲು ಮೊದಲು ತೆಂಕಕ್ಕೆ ಇಳಿದು, ಪಾಲಕ್ಕಾಡಿನ ಬದಿಯಿಂದ ಸುತ್ತಿ ಬಳಸಿ ಹೋಗಬೇಕಿತ್ತು. ಕೊಂಕಣ ರೈಲ್ವೆ ಕೊಡುವ ಲೆಕ್ಕದಂತೆ ಮಂಗಳೂರು ಮತ್ತು ಮುಂಬೈ ನಡುವೆ ಹಳೆಯ ರೈಲು ದಾರಿ 2,041 ಕಿಲೋಮೀಟರ್, ಪ್ರಯಾಣ 41 ಗಂಟೆ. ಹೊಸ ಹಳಿ ಬಂದ ಮೇಲೆ ಅದು 914 ಕಿಲೋಮೀಟರ್‌ಗೆ ಇಳಿಯಿತು. ಸಮಯದ ಲೆಕ್ಕ 15 ಗಂಟೆಗೆ ಬಂತು.

ಸಾವಿರ ಕಿಲೋಮೀಟರ್ ಉಳಿತಾಯ ಆಗುತ್ತದೆ ಎಂಬುದು ಭೂಪಟ ನೋಡಿದ ಯಾರಿಗಾದರೂ ಗೊತ್ತಿತ್ತು. ಹಾಗಾದರೆ ಯಾಕೆ ಯಾರೂ ಹಳಿ ಹಾಕಲಿಲ್ಲ?

ಮಂತ್ರಿ ನಮ್ಮವರೇ ಆಗಿದ್ದರು

ನಮ್ಮಲ್ಲಿ ಒಂದು ನಂಬಿಕೆ ಇದೆ. ನಮ್ಮೂರಿನವರು ರೈಲ್ವೆ ಮಂತ್ರಿಯಾದರೆ ನಮ್ಮೂರಿಗೆ ರೈಲು ಬರುತ್ತದೆ ಎಂದು. ಉಡುಪಿ ಜಿಲ್ಲೆಯ ಮಟ್ಟಿಗೆ ಈ ನಂಬಿಕೆಯನ್ನು ಇತಿಹಾಸವೇ ಪರೀಕ್ಷೆ ಮಾಡಿ ನೋಡಿದೆ.

ಮಣಿಪಾಲದ ಟಿ. ಎ. ಪೈ ಅವರು 1972ರಲ್ಲಿ ಕೇಂದ್ರ ರೈಲ್ವೆ ಮಂತ್ರಿಯಾದರು. ಬ್ಯಾಂಕು ನಡೆಸಿ ಗೊತ್ತಿದ್ದವರು, ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷರಾಗಿದ್ದವರು. ಹಣದ ಲೆಕ್ಕವೂ ಆಡಳಿತವೂ ಎರಡೂ ಬಲ್ಲವರು. ಆದರೆ ಆ ಖಾತೆ ಅವರ ಕೈಯಲ್ಲಿ ಇದ್ದದ್ದು ಒಂದು ವರ್ಷಕ್ಕೂ ಕಡಿಮೆ ಸಮಯ. 1973ರ ಆರಂಭದಲ್ಲಿ ಖಾತೆ ಬದಲಾಯಿತು. ಉಡುಪಿಗೆ ರೈಲು ಬಂದದ್ದು ಅದಾಗಿ ಇಪ್ಪತ್ತು ವರ್ಷದ ನಂತರ.

ಅದಕ್ಕೂ ಮೊದಲು ಉಳ್ಳಾಲ ಶ್ರೀನಿವಾಸ ಮಲ್ಯರಿದ್ದರು. ಉಡುಪಿ ಕ್ಷೇತ್ರದಿಂದಲೂ ಸಂಸದರಾಗಿದ್ದವರು. ನವಮಂಗಳೂರು ಬಂದರು, ಬಜಪೆ ವಿಮಾನ ನಿಲ್ದಾಣ, ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು, ಕರಾವಳಿ ಹೆದ್ದಾರಿ, ಹಾಸನ–ಮಂಗಳೂರು ರೈಲು, ಇವೆಲ್ಲದರ ಹಿಂದೆ ಅವರ ಓಡಾಟವಿತ್ತು. ಅವರು 1965ರಲ್ಲಿ ತೀರಿಕೊಂಡರು. ಹಾಸನ–ಮಂಗಳೂರು ಹಳಿಯಲ್ಲಿ ಗಾಡಿ ಓಡಿದ್ದು 1979ರಲ್ಲಿ. ಅದೂ ಮೀಟರ್ ಗೇಜು. ಮುಂದೆ ಅದನ್ನು ಬ್ರಾಡ್ ಗೇಜ್ ಮಾಡಲೆಂದು 1990ರ ದಶಕದಲ್ಲಿ ನಿಲ್ಲಿಸಿದವರು ಮತ್ತೆ ಪ್ರಯಾಣಿಕರ ರೈಲು ಬಿಟ್ಟದ್ದು 2007ರ ಡಿಸೆಂಬರಿನಲ್ಲಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಘಟ್ಟದ ಮೇಲಿನ ರೈಲೇ ಇರಲಿಲ್ಲ.

ಇದರಲ್ಲಿ ವ್ಯಕ್ತಿಗಳ ತಪ್ಪು ಹುಡುಕುವುದು ನಮ್ಮ ಉದ್ದೇಶವಲ್ಲ. ತೊಡಕು ಹಣ ಬರುವ ದಾರಿಯಲ್ಲೇ ಇತ್ತು. ಹೊಸ ಹಳಿಗೆ ಹಣ ಬರಬೇಕಾದ್ದು ಪ್ರತಿ ವರ್ಷದ ರೈಲ್ವೆ ಬಜೆಟ್ಟಿನಿಂದ. ದೇಶದ ಎಲ್ಲ ಮೂಲೆಯವರೂ ಅದೇ ಚೀಲಕ್ಕೆ ಕೈ ಹಾಕುವವರು. ಒಂದು ಯೋಜನೆಗೆ ಈ ವರ್ಷ ಸ್ವಲ್ಪ, ಮುಂದಿನ ವರ್ಷ ಸ್ವಲ್ಪ. ಬೆಟ್ಟ ಕೊರೆದು ಹೊಳೆ ದಾಟಬೇಕಾದ ಕರಾವಳಿಯ ಹಳಿಗೆ ಅಷ್ಟು ಹಣ ಒಮ್ಮೆಗೆ ಯಾರೂ ಕೊಡುತ್ತಿರಲಿಲ್ಲ. ಮುಂಬೈ ಕಡೆಯಿಂದ ಹಳಿ ಇಂಚಿಂಚಾಗಿ ಬಂದು 1986ರಲ್ಲಿ ರಾಯಗಡ ಜಿಲ್ಲೆಯ ರೋಹಾದಲ್ಲಿ ನಿಂತಿತ್ತು. ಈ ಕಡೆ ಮಂಗಳೂರಿನಲ್ಲಿ ನಿಂತಿತ್ತು. ನಡುವೆ 760 ಕಿಲೋಮೀಟರ್ ಖಾಲಿ.

1990: ಬಜೆಟ್ಟಿನ ಹೊರಗೆ ಒಂದು ಕಂಪನಿ

1989ರ ಡಿಸೆಂಬರಿನಲ್ಲಿ ವಿ. ಪಿ. ಸಿಂಗ್ ಸರಕಾರ ಬಂದಾಗ ಜಾರ್ಜ್ ಫೆರ್ನಾಂಡಿಸ್ ರೈಲ್ವೆ ಮಂತ್ರಿಯಾದರು. ಹುಟ್ಟಿದ್ದು ಮಂಗಳೂರಿನಲ್ಲಿ, ರಾಜಕೀಯ ಕಲಿತದ್ದು ಮುಂಬೈಯ ಕಾರ್ಮಿಕ ಸಂಘಟನೆಯಲ್ಲಿ, ಗೆದ್ದು ಬಂದದ್ದು ಬಿಹಾರದ ಮುಜಫರ್‌ಪುರದಿಂದ. ಅದೇ ಸರಕಾರದಲ್ಲಿ ಹಣಕಾಸು ಮಂತ್ರಿಯಾಗಿದ್ದವರು ಮಧು ದಂಡವತೆ. ಅವರು ಕೊಂಕಣದ ರಾಜಾಪುರ ಕ್ಷೇತ್ರದವರು, ಹಿಂದೆ ರೈಲ್ವೆ ಖಾತೆಯನ್ನೂ ನೋಡಿಕೊಂಡಿದ್ದವರು. ಹಳಿ ಬೇಕು ಎನ್ನುವವರು ಮತ್ತು ಹಣದ ಕೀಲಿ ಹಿಡಿದವರು ಇಬ್ಬರೂ ಒಂದೇ ಕರಾವಳಿಯ ನೋವು ಗೊತ್ತಿದ್ದವರು.

ಅವರು ಬಜೆಟ್ಟಿನ ಸಾಲಿನಲ್ಲಿ ನಿಲ್ಲುವುದನ್ನೇ ಬಿಟ್ಟರು. 1990ರ ಜುಲೈ 19ರಂದು ಕೊಂಕಣ ರೈಲ್ವೆ ಕಾರ್ಪೊರೇಷನ್ ಎಂಬ ಪ್ರತ್ಯೇಕ ಸರಕಾರಿ ಕಂಪನಿ ನೋಂದಣಿಯಾಯಿತು. ಸೆಪ್ಟೆಂಬರ್ 15ರಂದು ರೋಹಾದಲ್ಲಿ ಶಂಕುಸ್ಥಾಪನೆ ನಡೆಯಿತು.

ಕಂಪನಿಯ ಪಾಲು ಹೀಗಿತ್ತು. ಕೇಂದ್ರಕ್ಕೆ ಶೇ. 51. ಮಹಾರಾಷ್ಟ್ರಕ್ಕೆ ಶೇ. 22. ಕರ್ನಾಟಕಕ್ಕೆ ಶೇ. 15. ಗೋವಾಕ್ಕೆ ಶೇ. 6. ಕೇರಳಕ್ಕೆ ಶೇ. 6.

ಇದರಲ್ಲಿ ಕೇರಳದ ಪಾಲನ್ನು ಗಮನಿಸಿ. ಈ ಹಳಿಯ ಒಂದು ಅಡಿಯೂ ಕೇರಳದಲ್ಲಿಲ್ಲ. ಮಹಾರಾಷ್ಟ್ರದಲ್ಲಿ 382 ಕಿಲೋಮೀಟರ್, ಗೋವಾದಲ್ಲಿ 105, ಕರ್ನಾಟಕದಲ್ಲಿ 273, ಅಲ್ಲಿಗೆ ಮುಗಿಯಿತು. ಆದರೂ ಕೇರಳ ಹಣ ಹಾಕಿತು. ತಮ್ಮ ರೈಲುಗಳು ಮುಂಬೈಗೂ ದಿಲ್ಲಿಗೂ ಬೇಗ ತಲುಪುತ್ತವೆ ಎಂಬ ಲೆಕ್ಕ ಅವರದ್ದು. ಇವತ್ತು ನಮ್ಮ ಸ್ಟೇಶನ್‌ಗಳಲ್ಲಿ ನಿಲ್ಲದೆ ಓಡುವ ಎಷ್ಟೋ ರೈಲುಗಳಿಗೆ ತಿರುವನಂತಪುರ, ಎರ್ನಾಕುಲಂ ಎಂಬ ಬೋರ್ಡು ಇರುವುದನ್ನು ನೋಡಿದರೆ ಆ ಲೆಕ್ಕ ತಪ್ಪಿರಲಿಲ್ಲ ಎಂದು ತಿಳಿಯುತ್ತದೆ.

ಪಿಗ್ಮಿಯ ಊರಿಗೆ ಅರ್ಥವಾಗುವ ಲೆಕ್ಕ

ಐದು ಸರಕಾರಗಳ ಪಾಲು ಬಂಡವಾಳದಿಂದ ಮಾತ್ರ ಹಳಿ ಮುಗಿಯುವಂತಿರಲಿಲ್ಲ. ದೊಡ್ಡ ಭಾಗವನ್ನು ಕಂಪನಿ ಸಾಲವಾಗಿ ಎತ್ತಿತು. ಬಾಂಡ್ ಹೊರಡಿಸಿ ಬ್ಯಾಂಕುಗಳಿಂದ, ಸಂಸ್ಥೆಗಳಿಂದ, ಜನರಿಂದ ಹಣ ತಂದಿತು.

ಬಾಂಡ್ ಎಂದರೆ ಗಾಬರಿ ಬೇಡ. ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಸೇರಿ ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಅದು 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಸಂಗ್ರಹಿಸಿ, ಆ ಚಿಲ್ಲರೆಯನ್ನು ಒಟ್ಟು ಮಾಡಿ ದೊಡ್ಡ ಕೆಲಸಕ್ಕೆ ಸಾಲ ಕೊಡುವ ಪದ್ಧತಿ. ಬಾಂಡಿನ ಒಳಗುಟ್ಟೂ ಅದೇ. ಬಹಳ ಜನರ ಹಣ ಒಂದು ಕಡೆ ಸೇರಿಸಿ ಒಂದು ದೊಡ್ಡ ಕೆಲಸ ಮಾಡುವುದು. ಒಂದೇ ವಿಷಯ ನೆನಪಿಡಬೇಕು. ಆ ಹಣ ದಾನವಲ್ಲ. ಬಡ್ಡಿ ಸಮೇತ ಹಿಂದೆ ಕೊಡಬೇಕು. 1990ರ ದಶಕದಲ್ಲಿ ದೇಶದಲ್ಲಿ ಬಡ್ಡಿ ದರ ಎರಡಂಕಿಯಲ್ಲಿತ್ತು.

ಈ ಪದ್ಧತಿಯಿಂದ ಒಂದು ದೊಡ್ಡ ಲಾಭವಾಯಿತು. 1990ರ ನವೆಂಬರಿನಲ್ಲಿ ವಿ. ಪಿ. ಸಿಂಗ್ ಸರಕಾರ ಬಿತ್ತು. ಜಾರ್ಜ್ ಅವರೂ ಖಾತೆ ಬಿಟ್ಟರು. ಹಳೆಯ ಕ್ರಮದಲ್ಲಾಗಿದ್ದರೆ ಯೋಜನೆಯೂ ಅಲ್ಲಿಗೇ ಮಲಗುತ್ತಿತ್ತು. ಆದರೆ ಕಂಪನಿ ಆಗಲೇ ಹುಟ್ಟಿ, ಅದರ ಖಾತೆಗೆ ಹಣ ಬರಲು ದಾರಿ ಆಗಿತ್ತು. ಹಳಿ ಪೂರ್ತಿಯಾಗುವಷ್ಟರಲ್ಲಿ ದಿಲ್ಲಿಯಲ್ಲಿ ಚಂದ್ರಶೇಖರ್, ನರಸಿಂಹ ರಾವ್, ವಾಜಪೇಯಿ, ದೇವೇಗೌಡ, ಗುಜ್ರಾಲ್ ಎಂದು ಐವರು ಪ್ರಧಾನಿಗಳು ಬಂದರು. ಕೆಲಸ ನಿಲ್ಲಲಿಲ್ಲ.

ಕಟ್ಟಿದವರು

ಕಂಪನಿಯ ಮುಖ್ಯಸ್ಥರಾಗಿ ಬಂದವರು ಇ. ಶ್ರೀಧರನ್. 1964ರ ಚಂಡಮಾರುತದಲ್ಲಿ ಮುರಿದ ಪಾಂಬನ್ ಸೇತುವೆಯನ್ನು 46 ದಿನದಲ್ಲಿ ಸರಿ ಮಾಡಿದವರು. ರೈಲ್ವೆಯಿಂದ ನಿವೃತ್ತಿಯಾಗುವ ಹೊತ್ತಿಗೆ ಈ ಕೆಲಸ ಅವರ ಕೈಗೆ ಬಂತು. ಇನ್ನು ಎಷ್ಟು ದಿನ ಬಾಕಿ ಎಂದು ತೋರಿಸುತ್ತ ಹಿಂದಕ್ಕೆ ಎಣಿಸುವ ಗಡಿಯಾರವನ್ನು ಕಚೇರಿಯಲ್ಲಿ ಇಡಿಸಿದ್ದರು.

ಕೆಲಸ ಎಂಥದ್ದು ಎಂಬುದಕ್ಕೆ ಕೆಲವು ಅಂಕಿ ಸಾಕು. ತೊಂಬತ್ತಕ್ಕೂ ಹೆಚ್ಚು ಸುರಂಗ. ಸಣ್ಣದು ದೊಡ್ಡದು ಸೇರಿ ಎರಡು ಸಾವಿರದ ಹತ್ತಿರ ಸೇತುವೆ. ರತ್ನಾಗಿರಿ ಬಳಿಯ ಕರ್ಬುಡೆ ಸುರಂಗ ಆರೂವರೆ ಕಿಲೋಮೀಟರ್ ಉದ್ದ. ಈ ಹಳಿಯ ಅತಿ ಉದ್ದದ ಸೇತುವೆ ನಮ್ಮ ರಾಜ್ಯದಲ್ಲೇ ಇದೆ. ಹೊನ್ನಾವರದಲ್ಲಿ ಶರಾವತಿಯ ಮೇಲೆ, ಎರಡು ಕಿಲೋಮೀಟರ್‌ಗೂ ಉದ್ದ. ಜಾಗ ಬಿಟ್ಟುಕೊಟ್ಟ ಭೂಮಾಲೀಕರು ಸುಮಾರು 42,000. ಗದ್ದೆ ಹೋಯಿತು, ತೆಂಗಿನ ತೋಟ ಹೋಯಿತು, ಮನೆಯ ಅಂಗಳದಲ್ಲೇ ಹಳಿ ಬಂತು. ಕೆಲಸದಲ್ಲಿ 74 ಜನ ಪ್ರಾಣ ಕಳೆದುಕೊಂಡರು. ಜಿನುಗುವ ಮೆದು ಮಣ್ಣಿನ ಸುರಂಗಗಳು ಕುಸಿದು ಬಿದ್ದು ವರ್ಷಗಟ್ಟಲೆ ಕಾಡಿದವು. ಮತ್ಸ್ಯಗಂಧದಲ್ಲಿ ಮಲಗಿಕೊಂಡು ಮುಂಬೈಗೆ ಹೋಗುವಾಗ ಸುರಂಗದ ಸದ್ದು ಕೇಳಿದರೆ ಇವರನ್ನು ಒಮ್ಮೆ ನೆನೆಯಬೇಕು.

ಎರಡೂ ತುದಿಯಿಂದ ಕೆಲಸ ಶುರುವಾಗಿತ್ತು. ತೆಂಕು ತುದಿಯಲ್ಲಿ ಮೊದಲು ಮುಗಿದ ತುಂಡೇ ನಮ್ಮದು. 1993ರ ಮಾರ್ಚ್ 20ರಂದು ಮಂಗಳೂರು ಮತ್ತು ಉಡುಪಿ ನಡುವೆ ಪ್ರಯಾಣಿಕರ ರೈಲು ಓಡಿತು. ಇಡೀ ಕೊಂಕಣ ರೈಲ್ವೆಯ ಮೊದಲ ಪ್ರಯಾಣಿಕರ ರೈಲು ಅದು. ಉಡುಪಿ ಪೇಟೆಗೂ ಮಣಿಪಾಲಕ್ಕೂ ನಡುವೆ ಇಂದ್ರಾಳಿಯಲ್ಲಿ ಸ್ಟೇಶನ್ ಬಂತು. 1998ರ ಜನವರಿ 26ಕ್ಕೆ ಪೂರ್ತಿ ದಾರಿ ತೆರೆಯಿತು. ಐದು ವರ್ಷ ಎಂದಿದ್ದ ಕೆಲಸಕ್ಕೆ ಏಳೂವರೆ ವರ್ಷ ಹಿಡಿಯಿತು. ಖರ್ಚು ಸುಮಾರು ಮೂರೂವರೆ ಸಾವಿರ ಕೋಟಿ ರೂಪಾಯಿ.

ಅದೇ ಇಂದ್ರಾಳಿಯಲ್ಲಿ ಹೆದ್ದಾರಿ ಅಗಲ ಮಾಡುವಾಗ ಹಳಿಯ ಮೇಲಿನ ಒಂದು ಸೇತುವೆ ಎಷ್ಟು ವರ್ಷ ಕುಂಟಿತು ಎಂಬುದನ್ನು ಉಡುಪಿ–ಮಣಿಪಾಲ ಓಡಾಡುವವರು ಯಾರೂ ಮರೆತಿಲ್ಲ. ಎರಡು ಸಾವಿರ ಸೇತುವೆಯ ಕಥೆಯನ್ನೂ ಒಂದು ಸೇತುವೆಯ ಕಥೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಹಣ ಮತ್ತು ಹೊಣೆ ಒಂದೇ ಕೈಯಲ್ಲಿ ಇರುವುದರ ಬೆಲೆ ತಿಳಿಯುತ್ತದೆ.

ಸಾಲಕ್ಕೂ ಒಂದು ಬಾಲ

ರೈಲು ಬಂತು, ಸಾಲ ಉಳಿಯಿತು. ಮೊದಲ ವರ್ಷಗಳಲ್ಲಿ ಟಿಕೇಟಿನಿಂದಲೂ ಸರಕಿನಿಂದಲೂ ಬಂದ ಹಣ ಬಡ್ಡಿ ಕಟ್ಟಲು ಸಾಲುತ್ತಿರಲಿಲ್ಲ. ಕಂಪನಿ ನಷ್ಟದಲ್ಲಿ ನಡೆಯಿತು. ಕೊನೆಗೆ ರೈಲ್ವೆ ಮಂತ್ರಾಲಯವೇ ಕೈ ಹಿಡಿಯಬೇಕಾಯಿತು. ಸುಮಾರು ನಾಲ್ಕು ಸಾವಿರ ಕೋಟಿಯಷ್ಟು ಬಾಕಿಯನ್ನು ವಿಶೇಷ ಷೇರುಗಳಾಗಿ ಬದಲಾಯಿಸಿಕೊಳ್ಳಲಾಯಿತು. ಅಂದರೆ ಬಜೆಟ್ಟಿನ ಹೊರಗೆ ಕಟ್ಟಿದ ಹಳಿಯ ಭಾರವನ್ನು ಕಡೆಗೆ ದೇಶದ ಬೊಕ್ಕಸವೇ ಹೊತ್ತಿತು.

ಇನ್ನೊಂದು ಭಾರ ನಮ್ಮ ಜೇಬಿನ ಮೇಲೆ ಬಿತ್ತು. ಈ ಹಳಿಯಲ್ಲಿ ಟಿಕೇಟಿನ ದರ ಲೆಕ್ಕ ಹಾಕುವಾಗ ನಿಜವಾದ ದೂರಕ್ಕಿಂತ ಹೆಚ್ಚು ದೂರ ಹಿಡಿಯುತ್ತಾರೆ. ಕಟ್ಟಿದ ಖರ್ಚು ವಸೂಲಾಗಲಿ ಎಂದು ಆಗ ಮಾಡಿದ ಏರ್ಪಾಡು. ಸರಕು ಸಾಗಣೆಗೂ ಹೀಗೆಯೇ. ಬೇರೆ ಕಡೆಯ ಹಳಿಯಲ್ಲಿ ಅಷ್ಟೇ ದೂರ ಹೋಗುವವರಿಗಿಂತ ನಾವು ಹೆಚ್ಚು ಕೊಡುತ್ತೇವೆ.

ಸರಕಿನ ಆದಾಯ ಇಲ್ಲದೆ ಈ ಕಂಪನಿ ಬದುಕುವಂತಿಲ್ಲ ಎಂಬುದೂ ಗೊತ್ತಿರಬೇಕು. ಲಾರಿಯನ್ನೇ ರೈಲಿನ ಮೇಲೆ ಹತ್ತಿಸಿ ಸಾಗಿಸುವ ರೋ-ರೋ ಸೇವೆ 1999ರಲ್ಲಿ ಶುರುವಾದದ್ದು ಇದೇ ಹಳಿಯಲ್ಲಿ. ಸುರತ್ಕಲ್ಲಿನಿಂದ ಲಾರಿಗಳು ರೈಲು ಹತ್ತಿ ಮಹಾರಾಷ್ಟ್ರದ ಕೋಲಾಡಿಗೆ ಹೋಗಿ ಇಳಿಯುತ್ತವೆ. ಕಾಪು ತಾಲೂಕಿನ ಎಲ್ಲೂರಿನ 1,200 ಮೆಗಾವ್ಯಾಟ್ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ನವಮಂಗಳೂರು ಬಂದರಿನಿಂದ ರೈಲಿನಲ್ಲಿ ಬರುತ್ತದೆ. ಒಂದೇ ಹಳಿಯಲ್ಲಿ ಕಲ್ಲಿದ್ದಲೂ ಲಾರಿಯೂ ನಾವೂ ವಂದೇ ಭಾರತೂ ಓಡಬೇಕು.

ಒಂದೇ ಹಳಿಯ ವೇಗ

ಇಲ್ಲಿಗೆ ವೇಗದ ಪ್ರಶ್ನೆ ಬರುತ್ತದೆ. ಕೊಂಕಣದ ಹಳಿಯನ್ನು ಗಂಟೆಗೆ 160 ಕಿಲೋಮೀಟರ್ ವೇಗ ತಾಳುವಂತೆ ವಿನ್ಯಾಸ ಮಾಡಿದ್ದರು. ತಿರುವು ಕಡಿಮೆ, ರಸ್ತೆಗಳು ಹೆಚ್ಚಿನ ಕಡೆ ಹಳಿಯ ಮೇಲೋ ಕೆಳಗೋ ದಾಟುತ್ತವೆ. 2022ರ ಹೊತ್ತಿಗೆ ರೋಹಾದಿಂದ ತೋಕೂರಿನವರೆಗೆ 741 ಕಿಲೋಮೀಟರ್ ಪೂರ್ತಿ ವಿದ್ಯುದೀಕರಣವೂ ಆಯಿತು.

2023ರ ಡಿಸೆಂಬರ್ 30ರಂದು ಮಂಗಳೂರು–ಮಡಗಾಂವ್ ವಂದೇ ಭಾರತ್ ಉದ್ಘಾಟನೆಯಾಯಿತು. ದಾರಿಯಲ್ಲಿ ಉಡುಪಿ ಮತ್ತು ಕಾರವಾರದಲ್ಲಿ ನಿಲುಗಡೆ. ಸುಮಾರು 320 ಕಿಲೋಮೀಟರ್ ಹೋಗಲು ನಾಲ್ಕೂವರೆ ಗಂಟೆಯ ಮೇಲೆ. ಭಾಗಿಸಿ ನೋಡಿದರೆ ಗಂಟೆಗೆ 70 ಕಿಲೋಮೀಟರ್ ಆಸುಪಾಸು. ಗಾಡಿ ವೇಗದ್ದೇ, ಹಳಿಯೂ ವೇಗ ತಾಳುವಂಥದ್ದೇ. ಮತ್ತೆ ಯಾಕೆ ಹೀಗೆ?

ಮೊದಲ ಕಾರಣ, ಒಂಟಿ ಹಳಿ. ಎದುರಿನಿಂದ ಇನ್ನೊಂದು ರೈಲು ಬಂದರೆ ಒಬ್ಬರು ಸ್ಟೇಶನ್ನಿನ ಪಕ್ಕದ ಹಳಿಯಲ್ಲಿ ಕಾಯಬೇಕು. ನಮ್ಮ ಹಳ್ಳಿಯ ಅಗಲ ಕಿರಿದಾದ ಕಾಂಕ್ರೀಟು ರಸ್ತೆಯಲ್ಲಿ ಎದುರು ಬದುರು ಎರಡು ಕಾರು ಬಂದ ಹಾಗೆ. ಇನ್ನಂಜೆಯಲ್ಲಿ ಹೆಚ್ಚುವರಿ ಹಳಿ ಹಾಕಿ ಕ್ರಾಸಿಂಗ್ ಸ್ಟೇಶನ್ ಮಾಡಿದ್ದು ಇದೇ ಕಾರಣಕ್ಕೆ. ಅದರಿಂದ ಕಾಯುವ ಸಮಯ ಸ್ವಲ್ಪ ಕಡಿಮೆಯಾಗುತ್ತದೆ. ಪೂರ್ತಿ ಪರಿಹಾರ ಜೋಡಿ ಹಳಿ. ಅದು ಇಲ್ಲಿಯವರೆಗೆ ಆದದ್ದು ರೋಹಾದಿಂದ ವೀರ್ ತನಕ, 47 ಕಿಲೋಮೀಟರ್ ಮಾತ್ರ. ಅದೂ ಆ ತುದಿಯಲ್ಲಿ.

ಎರಡನೆಯದು ಮಳೆ. 2003ರ ಜೂನಿನಲ್ಲಿ ಮಹಾರಾಷ್ಟ್ರದ ವೈಭವವಾಡಿ ಬಳಿ ಗುಡ್ಡದ ಕಲ್ಲು ಹಳಿಗೆ ಬಿದ್ದು, ಕಾರವಾರದಿಂದ ಮುಂಬೈಗೆ ಹೊರಟಿದ್ದ ರೈಲು ಅಪಘಾತಕ್ಕೀಡಾಗಿ ಐವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಮರುವರ್ಷ ಜೂನಿನಲ್ಲೇ ನಮ್ಮ ಮತ್ಸ್ಯಗಂಧ ಅಪಘಾತಕ್ಕೆ ಸಿಕ್ಕಿತು. ಅಂದಿನಿಂದ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ, ತಗ್ಗಿಸಿದ ವೇಗ, ಹಳಿಯುದ್ದಕ್ಕೂ ಹಗಲಿರುಳು ಕಾವಲು. ಕೊಡೆ ಹಿಡಿದು ಹಳಿ ಮೇಲೆ ನಡೆಯುವ ಆ ಗ್ಯಾಂಗ್‌ಮನ್‌ನ ಸಂಬಳವೂ, ಗುಡ್ಡಕ್ಕೆ ಹಾಕಿದ ಬಲೆಯೂ ರೈಲಿನ ಮೇಲಿನ ಬಂಡವಾಳವೇ. ಅದು ಉದ್ಘಾಟನೆಯ ಫೋಟೋದಲ್ಲಿ ಕಾಣುವುದಿಲ್ಲ ಅಷ್ಟೆ.

ಹಳಿ ಇದ್ದೂ ಇಲ್ಲದ ಕಾಪು, ಹಳಿಯೇ ಇಲ್ಲದ ಕಾರ್ಕಳ

ಕಾಪು ತಾಲೂಕಿನಲ್ಲಿ ಹಳಿ ಉದ್ದಕ್ಕೂ ಹಾದುಹೋಗುತ್ತದೆ. ಇನ್ನಂಜೆ, ಪಡುಬಿದ್ರಿ, ನಂದಿಕೂರು ಎಂದು ಸ್ಟೇಶನ್‌ಗಳಿವೆ. ಆದರೆ ದೂರದ ರೈಲುಗಳಲ್ಲಿ ಹೆಚ್ಚಿನವು ಇಲ್ಲಿ ನಿಲ್ಲುವುದಿಲ್ಲ. ಮುಂಬೈಯಿಂದ ಬರುವ ಕಾಪುವಿನವರು ತಮ್ಮ ಮನೆಯ ಹತ್ತಿರದ ಸ್ಟೇಶನ್ ದಾಟಿ ಹೋಗಿ, ಬೇರೆ ಕಡೆ ಇಳಿದು, ರಿಕ್ಷಾಕ್ಕೋ ಟ್ಯಾಕ್ಸಿಗೋ ಹಣ ಕೊಟ್ಟು ಹಿಂದೆ ಬರಬೇಕು.

ಇನ್ನಂಜೆಯ ಪಕ್ಕದಲ್ಲೇ ಶಂಕರಪುರ. ಮಲ್ಲಿಗೆಯ ಊರು. 800 ಹೂವು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬೆಳಿಗ್ಗೆ ಕೊಯ್ದ ಮೊಗ್ಗು ಅರಳುವ ಮೊದಲು ಪೇಟೆ ಮುಟ್ಟಬೇಕು. ಹೊತ್ತಿನ ಬೆಲೆ ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇವರಿಗೆ 160 ಕಿಲೋಮೀಟರ್ ವೇಗದ ರೈಲಿಗಿಂತ, ಹೊತ್ತಿಗೆ ಸರಿಯಾಗಿ ಎರಡು ನಿಮಿಷ ನಿಲ್ಲುವ ರೈಲು ಹೆಚ್ಚು ವೇಗದ್ದು.

ಕಾರ್ಕಳದ ಕಥೆ ಬೇರೆ. ಅಲ್ಲಿಗೆ ಹಳಿಯೇ ಬಂದಿಲ್ಲ. 1432ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಊರು ಅದು. ಧರ್ಮಸ್ಥಳದ ಬಾಹುಬಲಿಯನ್ನೂ ಕೆತ್ತಿದ್ದು ಅಲ್ಲೇ, ರೆಂಜಾಳ ಗೋಪಾಲಕೃಷ್ಣ ಶೆಣೈಯವರು. 1970ರ ದಶಕದಲ್ಲಿ ಅಷ್ಟು ಭಾರದ ಮೂರ್ತಿಯನ್ನು ಬಹುಚಕ್ರದ ಗಾಡಿಯಲ್ಲಿ ರಸ್ತೆ ಮೇಲೆಯೇ ಧರ್ಮಸ್ಥಳಕ್ಕೆ ಸಾಗಿಸಿದರು. ಇವತ್ತಿಗೂ ಕಾರ್ಕಳದ ಕಲ್ಲು, ಗೇರುಬೀಜ, ನಿಟ್ಟೆಯ ಕಾಲೇಜಿನ ವಿದ್ಯಾರ್ಥಿಗಳು, ಎಲ್ಲರಿಗೂ ರಸ್ತೆಯೇ ಗತಿ. ಬೆಳ್ಮಣ್ಣಿನ ದಾರಿಯಾಗಿ ಪಡುಬಿದ್ರಿಗೆ ಬಂದರೆ ಹಳಿ ಸಿಗುತ್ತದೆ, ಮೂವತ್ತು ಕಿಲೋಮೀಟರ್ ಒಳಗೆ. ಆದರೆ ಅಲ್ಲಿ ರೈಲು ನಿಲ್ಲದಿದ್ದರೆ ಆ ಹತ್ತಿರದಿಂದ ಏನು ಪ್ರಯೋಜನ? ಕಾಪುವಿಗೆ ಸಿಗುವ ಒಂದು ನಿಲುಗಡೆ ಕಾರ್ಕಳದವರಿಗೂ ಸಿಕ್ಕಂತೆ. ಈ ಎರಡು ತಾಲೂಕಿನವರು ಬೇರೆ ಬೇರೆ ಮನವಿ ಕೊಡುವುದು ಯಾಕೋ ನಮಗೆ ಅರ್ಥವಾಗಿಲ್ಲ.

ಇನ್ನು ಮಣಿಪಾಲ. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಶುರುವಾದ ಊರು. ಭಟ್ಕಳ, ಹೊನ್ನಾವರ, ಕುಮಟಾ, ಕಾರವಾರದಿಂದ ರೋಗಿಗಳು ಇಲ್ಲಿಗೆ ಬರುತ್ತಾರೆ. ಅವರಲ್ಲಿ ಬಡವರಿಗೆ ಆಗಿಬರುವುದು ಎಲ್ಲ ಸ್ಟೇಶನ್‌ಗಳಲ್ಲಿ ನಿಲ್ಲುವ ಲೋಕಲ್ ರೈಲು. ಕೋವಿಡ್ ನಂತರ ದೇಶದೆಲ್ಲೆಡೆ ಇಂಥ ಪ್ಯಾಸೆಂಜರ್ ರೈಲಿನ ಕನಿಷ್ಠ ದರ 10ರಿಂದ 30 ರೂಪಾಯಿಗೆ ಏರಿತ್ತು. 2024ರಲ್ಲಿ ಮತ್ತೆ ಇಳಿಯಿತು. ವಂದೇ ಭಾರತ್ ಬಂದ ದಿನ ನಮ್ಮ ಪುಟಗಳೆಲ್ಲ ತುಂಬಿದ್ದವು. ಈ ಇಪ್ಪತ್ತು ರೂಪಾಯಿಯ ಸುದ್ದಿಗೆ ಅಷ್ಟು ಜಾಗ ಸಿಗಲಿಲ್ಲ.

ಬುಲೆಟ್ಟಿನ ಊರಲ್ಲೂ ನಿಲ್ಲುವ ರೈಲಿದೆ

ವೇಗದ ರೈಲು ಬೇಡ ಎಂದು ನಾವು ಹೇಳುತ್ತಿಲ್ಲ. ಅದರ ಹಣದ ಪ್ರಮಾಣ ಮಾತ್ರ ಗೊತ್ತಿರಲಿ. ಮುಂಬೈ–ಅಹಮದಾಬಾದ್ ಬುಲೆಟ್ ದಾರಿ 508 ಕಿಲೋಮೀಟರ್. ಮೊದಲ ಅಂದಾಜು 1.08 ಲಕ್ಷ ಕೋಟಿ ರೂಪಾಯಿ. ಅಂದರೆ ಕಿಲೋಮೀಟರಿಗೆ 200 ಕೋಟಿಗೂ ಮೇಲೆ. ಅದರಲ್ಲಿ ಶೇ. 81ರಷ್ಟು ಜಪಾನಿನ ಸಾಲ, ಶೇ. 0.1 ಬಡ್ಡಿ, ತೀರಿಸಲು 50 ವರ್ಷ. ನಮ್ಮ ಕೊಂಕಣ ಹಳಿಗೆ ಅಂದಿನ ರೂಪಾಯಿಯಲ್ಲಿ ಕಿಲೋಮೀಟರಿಗೆ ಐದು ಕೋಟಿಯ ಒಳಗೆ ಖರ್ಚಾಗಿತ್ತು. ಅಂದಿನ ರೂಪಾಯಿಗೂ ಇಂದಿನದಕ್ಕೂ ವ್ಯತ್ಯಾಸ ಇದೆ, ಕೆಲಸವೂ ಬೇರೆ. ಆದರೆ ಬಡ್ಡಿ ನೋಡಿ. ಕರಾವಳಿಗೆ ಎರಡಂಕಿಯ ಬಡ್ಡಿಯ ಕಾಲದಲ್ಲಿ ಸಾಲ, ಬುಲೆಟ್ಟಿಗೆ ಬಡ್ಡಿಯೇ ಇಲ್ಲದಂಥ ಸಾಲ.

ಜಪಾನಿನಲ್ಲಿ ಮೊದಲ ವೇಗದ ರೈಲು ಟೋಕಿಯೋ ಮತ್ತು ಒಸಾಕಾ ನಡುವೆ 1964ರ ಅಕ್ಟೋಬರ್ 1ರಂದು ಓಡಿತು. ಅದಕ್ಕೂ ವಿಶ್ವಬ್ಯಾಂಕಿನಿಂದ 8 ಕೋಟಿ ಡಾಲರ್ ಸಾಲ ತಂದಿದ್ದರು. ಆ ಹಳಿಯಲ್ಲಿ ಮೊದಲ ದಿನದಿಂದಲೇ ಎರಡು ಬಗೆಯ ರೈಲು. ಹಿಕಾರಿ ಎಂಬುದು ದೊಡ್ಡ ಊರುಗಳಲ್ಲಿ ಮಾತ್ರ ನಿಲ್ಲುವುದು. ಕೊಡಾಮ ಎಂಬುದು ಎಲ್ಲ ಸ್ಟೇಶನ್‌ಗಳಲ್ಲೂ ನಿಲ್ಲುವುದು. ಜೋಡಿ ಹಳಿ ಇದೆ, ಸ್ಟೇಶನ್‌ಗಳಲ್ಲಿ ಬದಿಗೆ ನಿಲ್ಲಲು ಜಾಗ ಇದೆ. ಹಾಗಾಗಿ ಕೊಡಾಮ ನಿಂತಾಗ ಹಿಕಾರಿ ಪಕ್ಕದಿಂದ ಹೋಗುತ್ತದೆ. ಯಾರ ವೇಗಕ್ಕೂ ಯಾರೂ ಅಡ್ಡಿಯಲ್ಲ. ನಿಲುಗಡೆ ಕೊಟ್ಟರೆ ವೇಗ ಹೋಗುತ್ತದೆ ಎಂದು ನಮಗೆ ಹೇಳುವ ಮಾತು ಒಂಟಿ ಹಳಿಗೆ ಮಾತ್ರ ನಿಜ.

ಈಗ ಏನು ಕೇಳಬೇಕು

ಕೊಂಕಣ ರೈಲ್ವೆಯನ್ನು ಭಾರತೀಯ ರೈಲ್ವೆಯೊಂದಿಗೆ ವಿಲೀನ ಮಾಡಬೇಕು ಎಂಬ ಕೂಗು ಕರಾವಳಿಯಲ್ಲಿ ಬಹಳ ಕಾಲದಿಂದ ಇತ್ತು. ಪಾಲುದಾರ ರಾಜ್ಯಗಳು ಒಪ್ಪಬೇಕಿತ್ತು. ಕರ್ನಾಟಕ, ಗೋವಾ, ಕೇರಳ ಒಪ್ಪಿದ ಮೇಲೆ ಉಳಿದಿದ್ದ ಮಹಾರಾಷ್ಟ್ರವೂ 2025ರಲ್ಲಿ ಒಪ್ಪಿಗೆ ಕೊಟ್ಟಿತು. ಕೊಂಕಣ ರೈಲ್ವೆ ಎಂಬ ಹೆಸರು ಉಳಿಯಬೇಕು, ತಾನು ಹಾಕಿದ ಹಣ ಹಿಂದೆ ಬರಬೇಕು ಎಂಬ ಷರತ್ತು ಅದರದ್ದು.

ವಿಲೀನದ ಪರವಾದ ಮುಖ್ಯ ವಾದ ಹಣದ್ದೇ. ಈಗ ಕೇಂದ್ರ ಬಜೆಟ್ಟಿನಿಂದ ರೈಲ್ವೆಗೆ ವರ್ಷಕ್ಕೆ ಎರಡೂವರೆ ಲಕ್ಷ ಕೋಟಿಗೂ ಹೆಚ್ಚು ಬಂಡವಾಳ ಹೋಗುತ್ತಿದೆ. ಬೇರೆ ವಲಯಗಳಲ್ಲಿ ಜೋಡಿ ಹಳಿ, ಹೊಸ ಸ್ಟೇಶನ್ ಆಗುತ್ತಿವೆ. ಕೊಂಕಣ ರೈಲ್ವೆ ಕಂಪನಿಯಾದ ಕಾರಣ ಆ ಪಂಕ್ತಿಯಲ್ಲಿ ಅದಕ್ಕೆ ಎಲೆ ಹಾಕುವುದಿಲ್ಲ. ಬಜೆಟ್ಟಿನ ಹೊರಗೆ ನಿಂತದ್ದರಿಂದ 1990ರಲ್ಲಿ ನಮಗೆ ರೈಲು ಬಂತು. ಬಜೆಟ್ಟಿನ ಹೊರಗೆ ನಿಂತದ್ದರಿಂದಲೇ ಇಂದು ಎರಡನೇ ಹಳಿ ಬರುತ್ತಿಲ್ಲ. ಕಾಲ ಬದಲಾದಾಗ ಅದೇ ಮದ್ದು ಕಾಯಿಲೆಯಾಗಿದೆ.

ಆದರೆ ವಿಲೀನ ಎಂದಾಕ್ಷಣ ಹಳಿ ಬರುತ್ತದೆ ಎಂದು ನಂಬುವುದೂ ಅವಸರವಾದೀತು. ದೊಡ್ಡ ವಲಯವೊಂದರ ಬಾಲದಲ್ಲಿ ಸಿಕ್ಕಿಕೊಂಡರೆ ಹಾಸನ–ಮಂಗಳೂರು ಹಳಿಗಾದ ಹಾಗೆ ಹತ್ತು ವರ್ಷ ಕಾಯುವ ಸರದಿ ಮತ್ತೆ ನಮ್ಮದಾಗಬಹುದು.

ಈ ಜಿಲ್ಲೆಯಲ್ಲಿ ಸುದ್ದಿ ಬರೆಯುವ ನಾವು ಮನವಿ ಪತ್ರದ ಫೋಟೋಗಳನ್ನು ಎಷ್ಟು ಕಳಿಸಿದ್ದೇವೋ ಲೆಕ್ಕವಿಲ್ಲ. ಕೊಡುವವರ ಕೈ, ತೆಗೆದುಕೊಳ್ಳುವವರ ಕೈ, ನಡುವೆ ಒಂದು ಕಾಗದ, ಹಿಂದೆ ನಗುವ ಹತ್ತು ಮುಖ. ಆ ಕಾಗದದಲ್ಲಿ ಹೆಚ್ಚಾಗಿ ರೈಲಿನ ಹೆಸರು ಇರುತ್ತದೆ. ಹಣದ ಮಾತು ಇರುವುದಿಲ್ಲ. ಇನ್ನು ಮುಂದೆ ಅದರಲ್ಲಿ ನಾಲ್ಕು ಪ್ರಶ್ನೆ ಇರಲಿ ಎಂದು ನಮ್ಮ ಸಲಹೆ.

ತೋಕೂರಿನಿಂದ ಬಡಗಕ್ಕೆ ಎರಡನೇ ಹಳಿಗೆ ಈ ವರ್ಷದ ಬಜೆಟ್ಟಿನಲ್ಲಿ ಎಷ್ಟು ಇಟ್ಟಿದ್ದೀರಿ? ವಿಲೀನ ಆದರೆ ಹೆಚ್ಚು ದೂರದ ಲೆಕ್ಕದ ಟಿಕೇಟು ದರ ಯಾವ ತಾರೀಕಿಗೆ ನಿಲ್ಲುತ್ತದೆ? ಕರ್ನಾಟಕದ ಶೇ. 15 ಪಾಲಿಗೆ ಬದಲಾಗಿ ಈ 273 ಕಿಲೋಮೀಟರಿಗೆ ಸಿಗುವುದೇನು? ಪಡುಬಿದ್ರಿಯಲ್ಲೋ ಇನ್ನಂಜೆಯಲ್ಲೋ ಮುಂಬೈ, ಬೆಂಗಳೂರು ರೈಲಿಗೆ ಎರಡು ನಿಮಿಷ ಕೊಡಲು ಏನು ಅಡ್ಡಿ?

ನಾಲ್ಕಕ್ಕೂ ಉತ್ತರ ಅಂಕಿಯಲ್ಲೋ ತಾರೀಕಿನಲ್ಲೋ ಬರಬೇಕು. ಪ್ರಯತ್ನ ಮಾಡುತ್ತೇವೆ ಎಂಬುದು ಉತ್ತರವಲ್ಲ. ಕೇರಳದವರು ತಮ್ಮ ನೆಲದಲ್ಲಿ ಇಲ್ಲದ ಹಳಿಗೆ ಹಣ ಹಾಕಿ ತಮ್ಮ ರೈಲುಗಳಿಗೆ ದಾರಿ ಮಾಡಿಕೊಂಡರು. ನಾವು ಹಣವನ್ನೂ ಹಾಕಿದ್ದೇವೆ, ನೆಲವನ್ನೂ ಕೊಟ್ಟಿದ್ದೇವೆ. ಕೇಳುವ ಹಕ್ಕು ಎರಡು ಪಟ್ಟು ಇದೆ.